ಫ್ರೆಂಚ್ ನುಡಿಯವರ ಇಂಗ್ಲಿಷ್ ಕಲಿಕೆ: ಪರೋಕ್ಷ ಕಥನ ಮತ್ತು ಸಂಬಂಧವಾಕ್ಯ

ಪೀಠಿಕೆ

ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ಕೆಡದಂತೆ ಮುಟ್ಟಿಸುವುದು ಭಾಷೆಯ ಹಿರಿಯ ಹೊಣೆಗಳಲ್ಲೊಂದು. ಹಲವು ವಸ್ತುಗಳ ಅಥವಾ ವ್ಯಕ್ತಿಗಳ ನಡುವಿನಿಂದ ಒಂದನ್ನು ಬೇರ್ಪಡಿಸಿ, ಉದ್ದಿಷ್ಟವಾದುದು ಇದೇ ಎಂದು ಗುರುತಿಸಿ ಕೊಡುವುದು ಇನ್ನೊಂದು ಹೊಣೆ. ಮೊದಲನೆಯ ಕಾರ್ಯವನ್ನು ಸಾಧಿಸುವ ವಾಕ್ಯರಚನೆಗೆ ಪರೋಕ್ಷ ಕಥನವೆಂದೂ ಎರಡನೆಯದನ್ನು ಸಾಧಿಸುವ ರಚನೆಗೆ ಸಂಬಂಧವಾಚಕ ಉಪವಾಕ್ಯ, ಸಂಕ್ಷೇಪವಾಗಿ ಸಂಬಂಧವಾಕ್ಯವೆಂದೂ ಹೆಸರು. ನ್ಯಾಯಾಲಯದ ಸಾಕ್ಷಿ, ವೃತ್ತಪತ್ರಿಕೆಯ ವರದಿ, ಹಿರಿಯರ ಸಂದೇಶ, ಪಂಡಿತರ ಮತಖಂಡನೆ ಇವೆಲ್ಲವೂ ಈ ಎರಡು ರಚನೆಗಳನ್ನು ನಂಬಿಕೊಂಡಿವೆ. ಇವುಗಳಲ್ಲಿ ಒಂದು ಪದ ಅತ್ತಿತ್ತ ಸರಿದರೆ ಆಡಿದವನು ಒಬ್ಬನಾಗಿ, ಮಾತು ಮತ್ತೊಬ್ಬನ ಮೇಲೆ ಬೀಳುತ್ತದೆ. ಗಾಳಿಸುದ್ದಿ ಸತ್ಯದ ವೇಷವನ್ನು ಧರಿಸುತ್ತದೆ.

ಇಂಗ್ಲಿಷನ್ನು ಕಲಿಯುವ ಅನ್ಯಭಾಷಿಕರಿಗೆಲ್ಲ ಈ ಎರಡು ಪ್ರಕರಣಗಳು ಕಷ್ಟವಾಗಿಯೇ ತೋರುತ್ತವೆ. ಆದರೆ ಕಷ್ಟದ ಬಗೆ ಎಲ್ಲರಿಗೂ ಒಂದೇ ಅಲ್ಲ. ಇಂಗ್ಲಿಷಿಗೆ ಬಹು ದೂರದ ಭಾಷೆಯನ್ನಾಡುವವನು ಒಂದು ಕಡೆ ಎಡವಿದರೆ, ಅದಕ್ಕೆ ಬಹು ಹತ್ತಿರದ ಭಾಷೆಯನ್ನಾಡುವವನು ಮತ್ತೊಂದು ಕಡೆ ಎಡವುತ್ತಾನೆ. ಹತ್ತಿರದವನ ಎಡವಿಕೆಯೇ ಹೆಚ್ಚು ಬೋಧಪ್ರದವಾದುದು. ಆ ದೃಷ್ಟಿಯಿಂದ ಫ್ರೆಂಚ್ ಮಾತೃಭಾಷಿಕರು ಇಂಗ್ಲಿಷನ್ನು ಕಲಿಯುವಾಗ ಎದುರಿಸುವ ತೊಡಕುಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಕನ್ನಡ ವಿದ್ಯಾರ್ಥಿಗೂ ಇದರಿಂದ ದೊರೆಯುವ ಪಾಠವೊಂದುಂಟು. ಅದನ್ನು ಕೊನೆಯಲ್ಲಿ ಕಾಣಬಹುದು.

ಎರಡು ಭಾಷೆಗಳ ನಂಟು

ಕ್ರಿ.ಶ. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ ಆ ದೇಶದ ಅರಮನೆ, ನ್ಯಾಯಸ್ಥಾನ, ಮಠಮಂದಿರಗಳಲ್ಲಿ ಫ್ರೆಂಚ್ ನುಡಿ ನೆಲೆಸಿತು. ಮುಂದಿನ ಶತಮಾನಗಳಲ್ಲಿ ಸಾವಿರಾರು ಫ್ರೆಂಚ್ ಶಬ್ದಗಳು ಇಂಗ್ಲಿಷಿನ ಭಂಡಾರವನ್ನು ಸೇರಿದವು. ಆದುದರಿಂದ ಫ್ರೆಂಚ್ ವಿದ್ಯಾರ್ಥಿಯು ಇಂಗ್ಲಿಷ್ ಪುಸ್ತಕವನ್ನು ತೆರೆದೊಡನೆ ಪರಿಚಿತ ಮುಖಗಳನ್ನೇ ಕಾಣುತ್ತಾನೆ. ಆದರೆ ನೆಂಟನ ಮನೆಯೆಂದು ಸಲಿಗೆಯಿಂದ ಒಳನುಗ್ಗಿದವನ ತಲೆಗೆ ತಗ್ಗು ಬಾಗಿಲು ಬಡಿಯುವಂತೆ, ಈ ಪರಿಚಯವೇ ಅವನಿಗೆ ಪೆಟ್ಟು ಕೊಡುತ್ತದೆ. ಶಬ್ದಗಳು ಫ್ರೆಂಚಿನವಾದರೂ ವಾಕ್ಯದ ಎಲುಬುಗೂಡು ಜರ್ಮಾನಿಕ್ ವಂಶದ್ದು.

ಫ್ರೆಂಚರು ಇಂಗ್ಲಿಷನ್ನು ಕಲಿಯುವ ಪ್ರಯತ್ನಕ್ಕೆ ನಾಲ್ಕು ಶತಮಾನಗಳಿಗೂ ಮಿಕ್ಕಿದ ಚರಿತ್ರೆಯುಂಟು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಪ್ರಾಟೆಸ್ಟೆಂಟರಾದ ಹ್ಯೂಗನಾಟರು ಮತಕಲಹದ ಹಿಂಸೆಯನ್ನು ತಾಳಲಾರದೆ, ವಿಶೇಷವಾಗಿ ೧೫೭೨ರ ಸೇಂಟ್ ಬಾರ್ತಲೋಮ್ಯೂ ದಿನದ ಹತ್ಯಾಕಾಂಡದ ಅನಂತರ, ಲಂಡನ್ನಿಗೆ ಓಡಿಬಂದರು. ನೇಕಾರರು, ಕುಶಲಕರ್ಮಿಗಳು, ವ್ಯಾಪಾರಿಗಳು ಆದ ಇವರಿಗೆ ಅನ್ನ ಸಂಪಾದಿಸಲು ಇಂಗ್ಲಿಷ್ ಬೇಕಾಯಿತು. ಇಂಥವರಿಗಾಗಿ ಝಾಕ್ ಬೆಲೋ ಎಂಬ ಉಪಾಧ್ಯಾಯನು ೧೫೮೦ರಲ್ಲಿ ಇಂಗ್ಲಿಷ್ ಬೋಧಕ ಪುಸ್ತಕವೊಂದನ್ನು ಪ್ರಕಟಿಸಿದನು. ಅನ್ಯಭಾಷಿಕರಿಗೆ ಇಂಗ್ಲಿಷನ್ನು ಕಲಿಸಲು ಹುಟ್ಟಿದ ಮೊತ್ತಮೊದಲ ಪುಸ್ತಕಗಳಲ್ಲಿ ಅದು ಒಂದು. ೧೫೮೬ರಲ್ಲಿ ಅವನೇ ಸಂಭಾಷಣೆಗಳ ಪುಸ್ತಕವೊಂದನ್ನು ಹೊರತಂದನು. ಅದರಲ್ಲಿ ಒಂದು ಸಾಲಿನಲ್ಲಿ ಇಂಗ್ಲಿಷ್, ಮಗ್ಗುಲಿನಲ್ಲಿ ಫ್ರೆಂಚ್, ಮೂರನೆಯದರಲ್ಲಿ ಇಂಗ್ಲಿಷ್ ಉಚ್ಚಾರಣೆಯನ್ನು ಫ್ರೆಂಚ್ ಕಾಗುಣಿತದಲ್ಲಿ ಬರೆದ ರೂಪ, ಹೀಗೆ ಮೂರು ಅಂಕಣಗಳಿದ್ದವು. ಪರಭಾಷೆಯ ಧ್ವನಿಯನ್ನು ಸ್ವಭಾಷೆಯ ಅಕ್ಷರಗಳಿಂದ ಹಿಡಿಯುವ ಈ ಉಪಾಯವನ್ನೇ ಪ್ರಸ್ತುತ ಲೇಖನದ ಉದಾಹರಣೆಗಳಲ್ಲಿಯೂ ಅನುಸರಿಸಲಾಗಿದೆ.

ಪರೋಕ್ಷ ಕಥನದಲ್ಲಿ ಸಾಮ್ಯ

ಮೊದಲು ಫ್ರೆಂಚರಿಗೆ ಸುಲಭವಾದುದನ್ನು ನೋಡೋಣವಾಗಲಿ. ಇಂಗ್ಲಿಷಿನಲ್ಲಿ ಪ್ರಧಾನ ವಾಕ್ಯದ ಕ್ರಿಯಾಪದವು ಭೂತಕಾಲದಲ್ಲಿದ್ದರೆ ಉಪವಾಕ್ಯದ ಕ್ರಿಯಾಪದವೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. 'ಐ ಆ್ಯಮ್ ಇಲ್' ಎಂದು ಒಬ್ಬನು ಹೇಳಿದ್ದರೆ, ಅದನ್ನು ವರದಿ ಮಾಡುವವನು 'ಹೀ ಸೆಡ್ ದಟ್ ಹೀ ವಾಸ್ ಇಲ್' ಎನ್ನಬೇಕು. 'ಆ್ಯಮ್' ಎಂಬ ವರ್ತಮಾನವು 'ವಾಸ್' ಎಂಬ ಭೂತವಾಯಿತು. 'ಐ' ಎಂಬ ಉತ್ತಮ ಪುರುಷವು 'ಹೀ' ಎಂಬ ಪ್ರಥಮ ಪುರುಷವಾಯಿತು. ಫ್ರೆಂಚಿನಲ್ಲಿಯೂ ಹೀಗೆಯೇ. 'ಜ ಸ್ವಿ ಮಲಾದ್' ಎಂಬುದು 'ಇಲ್ ಅ ದಿ ಕಿಲ್ ಏತೇ ಮಲಾದ್' ಎಂದಾಗುತ್ತದೆ. ಭವಿಷ್ಯತ್ತಿನ ವಿಷಯದಲ್ಲಿಯೂ ಅಷ್ಟೆ: ಇಂಗ್ಲಿಷಿನ 'ವಿಲ್' ಎಂಬುದು 'ವುಡ್' ಆಗುವಂತೆ ಫ್ರೆಂಚಿನ ಭವಿಷ್ಯದ್ರೂಪವು ಸಂಭಾವನಾ ರೂಪವಾಗುತ್ತದೆ. ಕಾಲವಾಚಕ ಅವ್ಯಯಗಳೂ ಎರಡು ಭಾಷೆಗಳಲ್ಲಿ ಒಂದೇ ರೀತಿಯಾಗಿ ಬದಲಾಗುತ್ತವೆ. 'ನಾಳೆ' ಎಂಬುದು 'ಮರುದಿನ' ಎಂದೂ 'ನಿನ್ನೆ' ಎಂಬುದು 'ಹಿಂದಿನ ದಿನ' ಎಂದೂ ಆಗುತ್ತದೆ. ಕನ್ನಡ ವಿದ್ಯಾರ್ಥಿ ವರ್ಷಗಟ್ಟಲೆ ಕಾದಾಡುವ ಈ ಕಾಲಾನುಸರಣೆಯ ಸೂತ್ರವು ಫ್ರೆಂಚ್ ಬಾಲಕನಿಗೆ ತಾಯಿಯ ಮಾತಿನಲ್ಲಿಯೇ ಬಂದಿರುತ್ತದೆ.

ಪರೋಕ್ಷ ಕಥನದಲ್ಲಿ ತೊಡಕು

ಹಾಗಾದರೆ ತೊಡಕು ಎಲ್ಲಿ? ಅದು ಐದು ಕಡೆಗಳಲ್ಲಿದೆ.

ಒಂದನೆಯದು, ಹೇಳುವ ಕ್ರಿಯಾಪದವೇ. ಫ್ರೆಂಚಿನಲ್ಲಿ 'ದೀರ್' ಎಂಬ ಒಂದೇ ಧಾತು 'ಹೇಳು' ಎಂಬ ಅರ್ಥವನ್ನು ಸಂಪೂರ್ಣವಾಗಿ ಹೊರುತ್ತದೆ. ಇಂಗ್ಲಿಷಿನಲ್ಲಿ ಈ ಭಾರವನ್ನು 'ಸೇ', 'ಟೆಲ್' ಎಂಬ ಎರಡು ಧಾತುಗಳು ಹಂಚಿಕೊಂಡಿವೆ. ಕೇಳುವವನನ್ನು ನೇರವಾಗಿ ಕರ್ಮಸ್ಥಾನದಲ್ಲಿ ನಿಲ್ಲಿಸುವುದಾದರೆ 'ಟೆಲ್' ಬೇಕು; ಆಡಿದ ಮಾತು ಮಾತ್ರ ಮುಖ್ಯವಾದರೆ 'ಸೇ' ಸಾಕು. ಈ ಹಂಚಿಕೆಯನ್ನು ಅರಿಯದ ಫ್ರೆಂಚ್ ವಿದ್ಯಾರ್ಥಿ 'ಹೀ ಸೆಡ್ ಮಿ ದಟ್' ಎಂದು ಬರೆಯುತ್ತಾನೆ. ಸರಿಯಾದ ರೂಪ 'ಹೀ ಟೋಲ್ಡ್ ಮಿ ದಟ್' ಅಥವಾ 'ಹೀ ಸೆಡ್ ಟು ಮಿ ದಟ್'.

ಎರಡನೆಯದು, ಪರೋಕ್ಷ ಪ್ರಶ್ನೆ. ಇಂಗ್ಲಿಷಿನಲ್ಲಿ ಪ್ರಶ್ನೆಯು ಪರೋಕ್ಷವಾದೊಡನೆ ತನ್ನ ಪ್ರಶ್ನಾರೂಪವನ್ನು ಕಳಚಿಕೊಂಡು ಸಾಮಾನ್ಯ ವಾಕ್ಯದ ಕ್ರಮಕ್ಕೆ ಬರಬೇಕು. 'ವೇರ್ ಡಸ್ ದಿ ಡಾಕ್ಟರ್ ಲಿವ್' ಎಂಬ ಪ್ರಶ್ನೆಯು 'ಹೀ ಆಸ್ಕ್ಡ್ ವೇರ್ ದಿ ಡಾಕ್ಟರ್ ಲಿವ್ಡ್' ಎಂದಾಗುತ್ತದೆ; ಕರ್ತೃ ಮೊದಲು, ಕ್ರಿಯೆ ಬಳಿಕ. ಫ್ರೆಂಚಿನಲ್ಲಿಯಾದರೋ ಇಂಥ ಸ್ಥಳದಲ್ಲಿ ಕ್ರಿಯಾಪದವನ್ನು ಮುಂದಕ್ಕೆ ತಂದು ಕರ್ತೃವನ್ನು ಕೊನೆಯಲ್ಲಿ ನಿಲ್ಲಿಸುವುದು ಶಿಷ್ಟವಾದ ರೂಢಿ. ಅದರ ಪ್ರಭಾವದಿಂದ 'ಹೀ ಆಸ್ಕ್ಡ್ ವೇರ್ ಲಿವ್ಡ್ ದಿ ಡಾಕ್ಟರ್' ಎಂಬ ವಾಕ್ಯ ಹುಟ್ಟುತ್ತದೆ.

ಮೂರನೆಯದು, ವಿಧಿ ಮತ್ತು ಕೋರಿಕೆ. 'ನಾನು ಬರಬೇಕೆಂದು ಅವನು ಬಯಸುತ್ತಾನೆ' ಎಂಬುದನ್ನು ಫ್ರೆಂಚಿನಲ್ಲಿ 'ಕ' ಎಂಬ ಸಂಯೋಜಕದೊಡನೆ ಪೂರ್ಣ ಉಪವಾಕ್ಯವಾಗಿಯೇ ಹೇಳಬೇಕು. ಅಲ್ಲಿ ಕ್ರಿಯಾಪದವು ಇಚ್ಛಾರ್ಥದ ವಿಶೇಷರೂಪವನ್ನು ತಾಳುತ್ತದೆ. ಅದನ್ನೇ ಅನುಸರಿಸಿ 'ಹೀ ವಾಂಟ್ಸ್ ದಟ್ ಐ ಕಮ್' ಎಂದರೆ ಇಂಗ್ಲಿಷ್ ಕಿವಿಗೆ ಒಗ್ಗದು. 'ಹೀ ವಾಂಟ್ಸ್ ಮಿ ಟು ಕಮ್' ಎನ್ನಬೇಕು. ಇದಕ್ಕೂ ಮಿಗಿಲಾದ ಅಪಾಯ 'ದಮಾಂದೇ' ಎಂಬ ಫ್ರೆಂಚ್ ಧಾತುವಿನಲ್ಲಿ ಅಡಗಿದೆ. ಅದರ ಅರ್ಥ ಕೇಳು, ಕೋರು ಎಂದಷ್ಟೆ. ಅದರ ತದ್ರೂಪದಂತಿರುವ ಇಂಗ್ಲಿಷಿನ 'ಡಿಮ್ಯಾಂಡ್' ಎಂಬುದಾದರೋ ಹಕ್ಕಿನಿಂದ ಒತ್ತಾಯಿಸುವುದನ್ನು ಸೂಚಿಸುತ್ತದೆ. ನಮ್ರತೆಯಿಂದ ಮಾಡಿದ ಕೋರಿಕೆಯನ್ನು ಈ ಶಬ್ದದಿಂದ ವರದಿ ಮಾಡಿದರೆ ವಿನಯಶೀಲನು ದರ್ಪಿಷ್ಠನಾಗಿ ತೋರುತ್ತಾನೆ. ವ್ಯಾಕರಣ ಕೆಡದೆಯೂ ಮನುಷ್ಯನ ಮರ್ಯಾದೆ ಕೆಡುವ ಸಂದರ್ಭವಿದು.

ನಾಲ್ಕನೆಯದು, ಆರಂಭವಾಗಿ ಇನ್ನೂ ಮುಗಿಯದ ಕ್ರಿಯೆ. 'ಒಂದು ಗಂಟೆಯಿಂದ ಕಾಯುತ್ತಿದ್ದೇನೆ' ಎಂದು ಹೇಳಲು ಕನ್ನಡದಂತೆ ಫ್ರೆಂಚಿಗೂ ವರ್ತಮಾನಕಾಲವೇ ಸಾಕು. ಇಂಗ್ಲಿಷಿನಲ್ಲಿ 'ಹ್ಯಾವ್ ಬೀನ್ ವೇಟಿಂಗ್' ಎಂಬ ಪೂರ್ಣತಾಸೂಚಕ ರೂಪ ಬೇಕು. ಪರೋಕ್ಷವಾದಾಗ ಅದು 'ಹ್ಯಾಡ್ ಬೀನ್ ವೇಟಿಂಗ್' ಎಂದು ಹಿಂದೆ ಸರಿಯಬೇಕು. ಫ್ರೆಂಚ್ ವಿದ್ಯಾರ್ಥಿ ಇಲ್ಲಿ ಸರಳ ಭೂತಕಾಲವನ್ನಿಟ್ಟು, ಅವಧಿಯನ್ನು ಹೇಳುವ 'ಫಾರ್' ಎಂಬುದರ ಬದಲು ಆರಂಭದ ಕಾಲವನ್ನು ಹೇಳುವ 'ಸಿನ್ಸ್' ಎಂಬುದನ್ನು ಪ್ರಯೋಗಿಸುತ್ತಾನೆ.

ಐದನೆಯದು ಎಲ್ಲಕ್ಕಿಂತಲೂ ಗಹನವಾದುದು. ಫ್ರೆಂಚ್ ವೃತ್ತಪತ್ರಿಕೆಗಳಲ್ಲಿ 'ಲ ಮಿನೀಸ್ತ್ರ್ ಸರೆ ಮಲಾದ್' ಎಂಬಂಥ ವಾಕ್ಯಗಳು ಹೇರಳವಾಗಿ ಕಾಣುತ್ತವೆ. 'ಸಚಿವರು ಅಸ್ವಸ್ಥರಾಗಿರುವರಂತೆ' ಎಂಬುದು ಇದರ ಭಾವ. ಸುದ್ದಿ ಬಂದಿದೆ, ಆದರೆ ಪತ್ರಿಕೆ ಅದರ ಸತ್ಯಕ್ಕೆ ಹೊಣೆಯಲ್ಲ ಎಂಬ ಎಚ್ಚರವನ್ನು ಕ್ರಿಯಾಪದದ ಸಂಭಾವನಾ ರೂಪವೊಂದೇ ಅಲ್ಲಿ ಹೇಳಿಬಿಡುತ್ತದೆ. ಇದನ್ನು 'ದಿ ಮಿನಿಸ್ಟರ್ ವುಡ್ ಬಿ ಇಲ್' ಎಂದು ಇಂಗ್ಲಿಷಿಗೆ ತಂದರೆ, ಯಾವುದೋ ಒಂದು ಷರತ್ತು ಒದಗಿದರೆ ಸಚಿವರು ಅಸ್ವಸ್ಥರಾದಾರು ಎಂಬ ವಿಲಕ್ಷಣಾರ್ಥ ಬರುತ್ತದೆ. ಇದು ತಪ್ಪೆಂದು ತಿಳಿದು 'ವುಡ್ ಬಿ' ಎಂಬುದನ್ನು ತೆಗೆದು 'ಈಸ್' ಎಂದಿಟ್ಟರೆ ಇನ್ನೂ ದೊಡ್ಡ ಅನರ್ಥ, ಗಾಳಿಸುದ್ದಿಯೇ ಸಿದ್ಧವಾರ್ತೆಯಾಗುತ್ತದೆ. 'ಈಸ್ ಸೆಡ್ ಟು ಬಿ', 'ಈಸ್ ರಿಪೋರ್ಟೆಡ್ ಟು ಬಿ' ಎಂಬ ರೂಪಗಳಿಂದಲೇ ಇದನ್ನು ನಿರ್ವಹಿಸಬೇಕು. ಕನ್ನಡದಲ್ಲಿ 'ಅಂತೆ' ಎಂಬ ಎರಡಕ್ಷರದ ಅವ್ಯಯವು ಈ ಕೆಲಸವನ್ನು ಎಷ್ಟು ಅನಾಯಾಸವಾಗಿ ಮಾಡುತ್ತದೆಂಬುದನ್ನು ನೆನೆದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾದೀತು. ಆ 'ಅಂತೆ'ಯನ್ನು ಕಳೆದುಕೊಂಡ ವರದಿ ವರದಿಯಲ್ಲ, ಅಪವಾದ.

ಪೋರ್ ರೊಯಾಲಿನ ವೈಯಾಕರಣರು

ಸಂಬಂಧವಾಕ್ಯದ ವಿಚಾರಕ್ಕೆ ಬರುವ ಮುನ್ನ ಫ್ರಾನ್ಸಿನಲ್ಲಿಯೇ ನಡೆದ ಒಂದು ಶಾಸ್ತ್ರಚಿಂತನೆಯನ್ನು ಗಮನಿಸಬೇಕು. ಪ್ಯಾರಿಸಿನ ಬಳಿಯ ಪೋರ್ ರೊಯಾಲ್ ಎಂಬ ಸಂನ್ಯಾಸಿನಿಯರ ಮಠದ ಆಶ್ರಯದಲ್ಲಿ ಹದಿನೇಳನೆಯ ಶತಮಾನದಲ್ಲಿ 'ಚಿಕ್ಕ ಶಾಲೆಗಳು' ಎಂದು ಪ್ರಸಿದ್ಧವಾದ ವಿದ್ಯಾಸಂಸ್ಥೆಗಳು ನಡೆಯುತ್ತಿದ್ದವು. ಮುಂದೆ ಮಹಾನಾಟಕಕಾರನಾದ ರಾಸೀನನು ಅಲ್ಲಿ ಕಲಿತವನು. ಅಲ್ಲಿನ ಅಧ್ಯಾಪಕನಾದ ಕ್ಲೋದ್ ಲಾಂಸ್ಲೊ ೧೬೪೪ರಲ್ಲಿ ಲ್ಯಾಟಿನ್ ಕಲಿಸುವ ಪುಸ್ತಕವೊಂದನ್ನು ಬರೆದನು. ಲ್ಯಾಟಿನ್ನಿನ ಸೂತ್ರಗಳನ್ನು ಲ್ಯಾಟಿನ್ನಿನಲ್ಲಿಯೇ ಉರುಹೊಡೆಸುವ ಅಂದಿನ ಪದ್ಧತಿಯನ್ನು ಬಿಟ್ಟು ಅವನು ಸೂತ್ರಗಳನ್ನು ಮಕ್ಕಳ ನುಡಿಯಾದ ಫ್ರೆಂಚಿನಲ್ಲಿ ರಚಿಸಿದನು. ಪರಭಾಷೆಯ ಕೋಟೆಗೆ ಸ್ವಭಾಷೆಯ ಬಾಗಿಲಿನಿಂದ ಪ್ರವೇಶಿಸಬೇಕೆಂಬುದೇ ಇದರ ತಾತ್ಪರ್ಯ.

೧೬೬೦ರಲ್ಲಿ ಲಾಂಸ್ಲೊ ಮತ್ತು ಆಂತ್ವಾನ್ ಆರ್ನೊ ಎಂಬ ವಿದ್ವಾಂಸ ಇಬ್ಬರೂ ಸೇರಿ ಸಾಮಾನ್ಯ ವ್ಯಾಕರಣವೊಂದನ್ನು ಪ್ರಕಟಿಸಿದರು. ಒಂದೇ ವಾಕ್ಯವಾಗಿ ತೋರುವುದರೊಳಗೆ ಹಲವು ನಿರ್ಣಯಗಳು ಅಡಗಿರುತ್ತವೆಂದೂ ಅವುಗಳನ್ನು ಬಿಡಿಸಿ ತೋರಿಸುವ ಸಾಧನವೇ ಸಂಬಂಧವಾಚಕ ಸರ್ವನಾಮವೆಂದೂ ಅವರು ವಿವರಿಸಿದರು. ಕಣ್ಣಿಗೆ ಕಾಣದ ದೇವರು ಕಾಣುವ ಜಗತ್ತನ್ನು ಸೃಷ್ಟಿಸಿದನೆಂದರೆ ಅದರಲ್ಲಿ ಮೂರು ಮಾತುಗಳಿವೆ: ದೇವರು ಕಾಣದವನು, ಜಗತ್ತು ಕಾಣುವಂಥದು, ಅವನು ಅದನ್ನು ಸೃಷ್ಟಿಸಿದನು. ಮೂರನೆಯದು ಪ್ರಧಾನ, ಮೊದಲಿನೆರಡು ಅಧೀನ. ಹೀಗೆ ಒಂದು ವಾಕ್ಯದ ಹೊಟ್ಟೆಯಲ್ಲಿ ಇನ್ನೊಂದು ವಾಕ್ಯ ಮಲಗಿದೆಯೆಂಬ ತಿಳಿವಳಿಕೆ ಸಂಬಂಧವಾಕ್ಯವನ್ನು ಕಲಿಯುವವನಿಗೆ ಮೊದಲ ಮೆಟ್ಟಿಲು. ಆ ಚಿಕ್ಕ ಶಾಲೆಗಳು ರಾಜನ ಅವಕೃಪೆಯಿಂದ ಅದೇ ೧೬೬೦ರ ಸುಮಾರಿಗೆ ಮುಚ್ಚಿಹೋದವು. ಅವುಗಳ ವ್ಯಾಕರಣ ಉಳಿಯಿತು.

ಸಂಬಂಧವಾಕ್ಯದಲ್ಲಿ ತೊಡಕು

ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಸಂಬಂಧವಾಕ್ಯವು ತಾನು ವಿಶೇಷಿಸುವ ನಾಮಪದದ ಹಿಂದೆಯೇ ಬರುತ್ತದೆ. ಎರಡರಲ್ಲಿಯೂ ಅದನ್ನು ಜೋಡಿಸಲು ಸಂಬಂಧವಾಚಕ ಸರ್ವನಾಮಗಳುಂಟು. ಆದರೆ ಆ ಸರ್ವನಾಮಗಳನ್ನು ಆರಿಸುವ ತತ್ತ್ವವೇ ಬೇರೆ.

ಫ್ರೆಂಚಿನಲ್ಲಿ 'ಕಿ' ಎಂಬುದು ಕರ್ತೃಸ್ಥಾನಕ್ಕೆ, 'ಕ' ಎಂಬುದು ಕರ್ಮಸ್ಥಾನಕ್ಕೆ. ಹಿಂದಿನ ನಾಮಪದವು ಮನುಷ್ಯನಿರಲಿ ಮೇಜಿರಲಿ, ಭೇದವಿಲ್ಲ. ಇಂಗ್ಲಿಷಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಆ ನಾಮಪದವು ಮನುಷ್ಯವಾಚಿಯೋ ಅಲ್ಲವೋ ಎಂಬುದು. ಮನುಷ್ಯನಾದರೆ 'ಹೂ', ವಸ್ತುವಾದರೆ 'ವಿಚ್'. ಫ್ರೆಂಚಿನ 'ಕಿ' ಎಂಬುದು 'ಯಾರು' ಎಂಬ ಪ್ರಶ್ನಾರ್ಥದಲ್ಲಿಯೂ ಬರುವುದರಿಂದ ವಿದ್ಯಾರ್ಥಿಯ ಮನಸ್ಸಿನಲ್ಲಿ ಅದು 'ಹೂ' ಎಂಬುದರೊಡನೆ ಗಂಟುಬಿದ್ದಿರುತ್ತದೆ. ಹಾಗಾಗಿ 'ದಿ ಟೇಬಲ್ ಹೂ ಈಸ್ ಬ್ರೋಕನ್' ಎಂಬ ವಾಕ್ಯ ಅವನ ಲೇಖನಿಯಿಂದ ಇಳಿಯುತ್ತದೆ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ನಪುಂಸಕವೆಂಬ ವರ್ಗ ಅಲ್ಲಿಯ ನಾಮಪದಗಳಿಗೆ ಇಲ್ಲವೇ ಇಲ್ಲ. ಜಡವಸ್ತುವಿಗೆಂದೇ ಬೇರೊಂದು ಸರ್ವನಾಮ ಬೇಕೆಂದು ಅವನಿಗೆ ತೋಚುವುದಾದರೂ ಹೇಗೆ?

ಈ ಗೊಂದಲದಿಂದ ಪಾರಾಗಲು ವಿದ್ಯಾರ್ಥಿಗೆ 'ದಟ್' ಎಂಬ ಒಂದು ಸುಲಭೋಪಾಯ ಸಿಗುತ್ತದೆ. ಅದು ಮನುಷ್ಯನಿಗೂ ವಸ್ತುವಿಗೂ ಸಲ್ಲುತ್ತದೆ. ಆದರೆ ಅದಕ್ಕೂ ಎರಡು ಗಡಿಗಳಿವೆ. ಗುರುತಿಸಲು ಬೇಕಾದ ಸಂಬಂಧವಾಕ್ಯದಲ್ಲಿ ಮಾತ್ರ 'ದಟ್' ಸಲ್ಲುವುದು. ಗುರುತಿಸಿಯಾದ ಮೇಲೆ ಹೆಚ್ಚಿನ ವಿವರವನ್ನು ಸೇರಿಸುವ ವಾಕ್ಯದಲ್ಲಿ ಶಿಷ್ಟ ಪ್ರಯೋಗಕ್ಕೆ 'ಹೂ', 'ವಿಚ್'ಗಳೇ ಬೇಕು. ಅಲ್ಲದೆ ಉಪಸರ್ಗದ ನೇರ ಬೆನ್ನಿಗೆ 'ದಟ್' ಬರಲಾರದು.

ಗುರುತಿಸುವ ವಾಕ್ಯಕ್ಕೂ ವಿವರಿಸುವ ವಾಕ್ಯಕ್ಕೂ ಇರುವ ಈ ಭೇದ ಬರಿಯ ಪಂಡಿತರ ಹಟವಲ್ಲ. ಹಡಗಿನಲ್ಲಿ ಬಂದ ಪ್ರಯಾಣಿಕರನ್ನು ಕುರಿತು 'ದಿ ಪ್ಯಾಸೆಂಜರ್ಸ್ ಹೂ ಹ್ಯಾಡ್ ಪೇಪರ್ಸ್ ವರ್ ಅಲೌಡ್ ಟು ಲ್ಯಾಂಡ್' ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ಕಾಗದಪತ್ರಗಳಿದ್ದವರನ್ನು ಮಾತ್ರ ಇಳಿಯಗೊಟ್ಟರೆಂದು ಅರ್ಥ. ಉಳಿದವರು ಹಡಗಿನಲ್ಲಿಯೇ ಇದ್ದಾರೆ. 'ಹೂ ಹ್ಯಾಡ್ ಪೇಪರ್ಸ್' ಎಂಬುದರ ಎರಡು ಮಗ್ಗುಲಲ್ಲಿಯೂ ಅಲ್ಪವಿರಾಮವಿಟ್ಟರೆ ಎಲ್ಲರ ಬಳಿಯೂ ಕಾಗದಪತ್ರಗಳಿದ್ದವು, ಎಲ್ಲರೂ ಇಳಿದರು ಎಂದಾಗುತ್ತದೆ. ಎರಡು ಸಣ್ಣ ಚಿಹ್ನೆಗಳ ನಡುವೆ ಕೆಲವರ ಭವಿಷ್ಯವೇ ತೂಗುತ್ತದೆ. ಅಲ್ಪವಿರಾಮದ ಈ ಭೇದ ಫ್ರೆಂಚಿನಲ್ಲಿಯೂ ಇರುವುದರಿಂದ ಅಲ್ಲಿಯ ವಿದ್ಯಾರ್ಥಿ ಇದನ್ನು ಬೇಗ ಗ್ರಹಿಸುತ್ತಾನೆ.

ಅವನನ್ನು ಬೆರಗುಗೊಳಿಸುವುದು ಇಂಗ್ಲಿಷಿನ ಲೋಪಪ್ರಿಯತೆ. ಫ್ರೆಂಚಿನಲ್ಲಿ 'ಕ' ಎಂಬುದನ್ನು ಎಂದೂ ಬಿಡುವಂತಿಲ್ಲ. ಪರೋಕ್ಷ ಕಥನದಲ್ಲಿಯೂ ಇಲ್ಲ, ಸಂಬಂಧವಾಕ್ಯದಲ್ಲಿಯೂ ಇಲ್ಲ. ಇಂಗ್ಲಿಷಿನಲ್ಲಿ 'ದಿ ಬುಕ್ ದಟ್ ಐ ಬಾಟ್' ಎನ್ನುವ ಬದಲು 'ದಿ ಬುಕ್ ಐ ಬಾಟ್' ಎಂದರೆ ಸಾಕು. ಬರೆಯುವಾಗ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಸರ್ವನಾಮವನ್ನಿಟ್ಟು ಬರೆದರೂ ತಪ್ಪಲ್ಲ. ಓದುವಾಗ ಮಾತ್ರ ಅವನು ತಡಕಾಡುತ್ತಾನೆ. 'ದಿ ಮ್ಯಾನ್ ಐ ಸಾ ಕೇಮ್ ಬ್ಯಾಕ್' ಎಂಬಲ್ಲಿ ಎರಡು ನಾಮಗಳು, ಎರಡು ಕ್ರಿಯೆಗಳು ಬೆಸುಗೆಯಿಲ್ಲದೆ ಒತ್ತೊತ್ತಾಗಿ ನಿಂತಿರುವುದನ್ನು ಕಂಡು ಮುದ್ರಣದೋಷವೋ ಎಂದು ಶಂಕಿಸುತ್ತಾನೆ. ಆದರೆ ಈ ಲೋಪ ಕರ್ಮಸ್ಥಾನದಂಥ ಕಡೆಗಳಲ್ಲಿ ಮಾತ್ರ. ಕರ್ತೃಸ್ಥಾನದ ಸರ್ವನಾಮವನ್ನು ಬಿಡಬಾರದು. ಸ್ವಾರಸ್ಯವೆಂದರೆ, ಕರ್ತೃ ಮತ್ತು ಕರ್ಮಗಳ ಭೇದವನ್ನು 'ಕಿ', 'ಕ'ಗಳಿಂದ ಬಾಲ್ಯದಲ್ಲಿಯೇ ಅರಿತ ಫ್ರೆಂಚ್ ವಿದ್ಯಾರ್ಥಿಗೆ ಈ ಸೂತ್ರವನ್ನು ಒಂದೇ ಮಾತಿನಲ್ಲಿ ಕಲಿಸಬಹುದು: 'ಕಿ' ಬರುವಲ್ಲಿ ಬಿಡಬೇಡ, 'ಕ' ಬರುವಲ್ಲಿ ಬಿಡಬಹುದು. ತೊಡಕಾಗಿದ್ದ ತಾಯ್ನುಡಿಯೇ ಇಲ್ಲಿ ಕೈದೀವಿಗೆಯಾಗುತ್ತದೆ.

'ದೋಂ' ಎಂಬ ಫ್ರೆಂಚ್ ಸರ್ವನಾಮ ಇನ್ನೊಂದು ಕಗ್ಗಂಟು. 'ಲೊಮ್ ದೋಂ ಜ ಕೊನೇ ಲ ಫೀಸ್' ಎಂದರೆ 'ಯಾವನ ಮಗನನ್ನು ನಾನು ಬಲ್ಲೆನೋ ಆ ಮನುಷ್ಯ'. ಇಲ್ಲಿ 'ದೋಂ' ಎಂಬುದು ಮೊದಲೂ 'ಫೀಸ್' ಎಂದರೆ ಮಗ ಎಂಬುದು ಕೊನೆಯಲ್ಲಿಯೂ ಇವೆ. ಇಂಗ್ಲಿಷಿನ 'ಹೂಸ್' ಎಂಬುದು ತನ್ನ ನಾಮಪದವನ್ನು ಅಗಲಿರಲಾರದು. 'ದಿ ಮ್ಯಾನ್ ಹೂಸ್ ಸನ್ ಐ ನೋ' ಎಂದೇ ಆಗಬೇಕು. ಫ್ರೆಂಚ್ ಕ್ರಮವನ್ನೇ ಹಿಡಿದವನು 'ದಿ ಮ್ಯಾನ್ ಹೂಸ್ ಐ ನೋ ದಿ ಸನ್' ಎಂದು ಬರೆದು ಷಷ್ಠೀ ವಿಭಕ್ತಿಯನ್ನು ಅನಾಥವಾಗಿಸುತ್ತಾನೆ.

ಉಪಸರ್ಗಗಳ ವಿಷಯದಲ್ಲಿ ಸ್ಥಿತಿ ತಿರುಗುಮುರುಗು. 'ದಿ ಮ್ಯಾನ್ ಐ ವಾಸ್ ಟಾಕಿಂಗ್ ಟು' ಎಂದು ಉಪಸರ್ಗವನ್ನು ಕೊನೆಯಲ್ಲಿ ಬಿಟ್ಟುಬಿಡುವುದು ಇಂಗ್ಲಿಷಿನ ಸಹಜರೀತಿ. ಶಿಷ್ಟ ಫ್ರೆಂಚಿನಲ್ಲಿ ಉಪಸರ್ಗವು ಸರ್ವನಾಮದ ಮುಂದೆಯೇ ನಡೆಯಬೇಕು. ಇಂಗ್ಲಿಷರಲ್ಲಿಯೇ ಡ್ರೈಡನ್ ಕವಿಯು ೧೬೭೨ರಲ್ಲಿ ಇಂಥ ಕೊನೆಯ ಉಪಸರ್ಗಗಳನ್ನು ಆಕ್ಷೇಪಿಸಿದ್ದುಂಟು. ಆದರೂ ಜನರ ನಾಲಗೆ ಪಂಡಿತರ ಮಾತಿಗೆ ಮಣಿಯಲಿಲ್ಲ.

ಕೊನೆಯದಾಗಿ ಮೂರು ಸಣ್ಣ ಸ್ಖಲಿತಗಳು. ಫ್ರೆಂಚಿನ 'ಊ' ಎಂಬುದು ಸ್ಥಳಕ್ಕೂ ಕಾಲಕ್ಕೂ ಸಲ್ಲುವುದರಿಂದ 'ದಿ ಡೇ ವೆನ್' ಎನ್ನುವಲ್ಲಿ 'ದಿ ಡೇ ವೇರ್' ಎಂದಾಗುತ್ತದೆ. 'ತು ಸ ಕ' ಎಂಬ ಪದಪುಂಜವನ್ನು ಅಂಗಾಂಗವಾಗಿ ಬಿಡಿಸಿ 'ಆಲ್ ದಟ್' ಎನ್ನುವ ಬದಲು 'ಆಲ್ ವಾಟ್' ಎನ್ನುತ್ತಾರೆ. ಹಿಂದಿನ ಇಡೀ ವಾಕ್ಯವನ್ನೇ ಪರಾಮರ್ಶಿಸುವಾಗ 'ವಿಚ್' ಎಂಬುದರ ಸ್ಥಾನದಲ್ಲಿ 'ವಾಟ್' ಎಂಬುದನ್ನಿಡುತ್ತಾರೆ. ಮೂರಕ್ಕೂ ಕಾರಣ ಒಂದೇ, ಫ್ರೆಂಚಿನ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಸದಾ ಒಂದೇ ಪದ ಸಮವೆಂಬ ಭ್ರಮೆ.

ಸೇಂಟ್ ಹೆಲೀನಾ ದ್ವೀಪದ ವಿದ್ಯಾರ್ಥಿ

ಮೇಲಿನ ದೋಷಗಳು ಮಂದಮತಿಗಳಿಗೆ ಮಾತ್ರ ಮೀಸಲೆಂದು ಯಾರೂ ಭಾವಿಸಬಾರದು. ಯೂರೋಪನ್ನೇ ನಡುಗಿಸಿದ ನೆಪೋಲಿಯನ್ ಚಕ್ರವರ್ತಿಯೂ ಅವುಗಳಿಗೆ ಸಿಲುಕಿದವನೇ. ವಾಟರ್ಲೂ ಯುದ್ಧದಲ್ಲಿ ಸೋತು ೧೮೧೫ರ ಅಕ್ಟೋಬರಿನಲ್ಲಿ ಸೇಂಟ್ ಹೆಲೀನಾ ದ್ವೀಪಕ್ಕೆ ಸೆರೆಯಾಳಾಗಿ ಬಂದ ಅವನ ಸುತ್ತ ಇಂಗ್ಲಿಷರ ಕಾವಲು. ಇಂಗ್ಲಿಷ್ ಪತ್ರಿಕೆಗಳನ್ನು ಇತರರ ಬಾಯಿಂದ ಕೇಳದೆ ತಾನೇ ಓದಿಕೊಳ್ಳಬೇಕೆಂಬುದು ಅವನ ಬಯಕೆ. ಪರೋಕ್ಷ ಕಥನವನ್ನು ನಂಬಿ ಬದುಕಬೇಕಾದ ಸೆರೆಯಾಳಿಗೆ ಪ್ರತ್ಯಕ್ಷ ಪಠನದ ಹಂಬಲ ಸಹಜವೇ. ಅವನ ಜೊತೆಗಿದ್ದ ಕೌಂಟ್ ಲಾಸ್ ಕಾಸ್ ಎಂಬುವನು ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿ ಆ ಭಾಷೆಯನ್ನು ಕಲಿತಿದ್ದನು. ೧೮೧೬ರ ಜನವರಿಯಲ್ಲಿ ಅವನು ಗುರುವಾದನು, ಚಕ್ರವರ್ತಿ ಶಿಷ್ಯನಾದನು. ಶಿಷ್ಯನಿಗೆ ಆಗ ನಲವತ್ತಾರು ವರ್ಷ.

ಅದೇ ವರ್ಷ ಮಾರ್ಚ್ ೭ರಂದು ನೆಪೋಲಿಯನ್ ತನ್ನ ಗುರುವಿಗೆ ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ಬರೆದನು. ತಾನು ಆರು ವಾರಗಳಿಂದ ಇಂಗ್ಲಿಷ್ ಕಲಿಯುತ್ತಿದ್ದರೂ ಮುನ್ನಡೆ ಕಾಣದೆಂದು ಅದರಲ್ಲಿ ಹೇಳಿಕೊಂಡಿದ್ದಾನೆ. ದಿನಕ್ಕೆ ೫೦ ಶಬ್ದಗಳಂತೆ ಕಲಿತಿದ್ದರೆ ಎಷ್ಟಾಗುತ್ತಿತ್ತೆಂದು ಸೇನಾನಿಯ ಗತ್ತಿನಲ್ಲಿ ಲೆಕ್ಕ ಹಾಕಿದ್ದಾನೆ. ನಿಘಂಟಿನಲ್ಲಿ ೪೦,೦೦೦ಕ್ಕೂ ಮಿಕ್ಕ ಶಬ್ದಗಳಿರುವುದನ್ನು ನೆನೆದಿದ್ದಾನೆ. ಭಾಷೆಯನ್ನು ಕಲಿಯುವುದು ಎಳೆಯ ವಯಸ್ಸಿನಲ್ಲಿಯೇ ಮಾಡಬೇಕಾದ ದೊಡ್ಡ ದುಡಿಮೆ ಎಂಬ ನಿರ್ಣಯದೊಡನೆ ವಿಷಯವನ್ನು ಮುಗಿಸಿದ್ದಾನೆ.

ವೈಯಾಕರಣನ ಕಣ್ಣಿಗೆ ಈ ಚಿಕ್ಕ ಪತ್ರ ಒಂದು ನಿಧಿ. ಆರು ವಾರಗಳಿಂದ ಕಲಿಯುತ್ತಿದ್ದೇನೆ ಎಂಬಲ್ಲಿ ಫ್ರೆಂಚ್ ರೂಢಿಯಂತೆ ವರ್ತಮಾನಕಾಲವನ್ನೂ 'ಸಿನ್ಸ್' ಎಂಬುದನ್ನೂ ಬಳಸಿದ್ದಾನೆ. ಮೇಲೆ ಹೇಳಿದ ನಾಲ್ಕನೆಯ ತೊಡಕು ಅದೇ. ದುಡಿಮೆಯನ್ನು ವಿಶೇಷಿಸುವ ಸಂಬಂಧವಾಕ್ಯದಲ್ಲಿ 'ವಿಚ್' ಬರಬೇಕಾದ ಕಡೆ 'ಹೂ' ಎಂದಿಟ್ಟಿದ್ದಾನೆ. ದುಡಿಮೆ ಎಂಬ ಜಡಕ್ಕೆ ಮನುಷ್ಯಸರ್ವನಾಮ! ಇಂದಿನ ಪ್ಯಾರಿಸಿನ ಶಾಲಾಬಾಲಕನು ಮಾಡುವ ತಪ್ಪನ್ನೇ ಇನ್ನೂರು ವರ್ಷಗಳ ಹಿಂದೆ ಚಕ್ರವರ್ತಿಯೂ ಮಾಡಿದನು. ತಾಯ್ನುಡಿಯಷ್ಟೇ ಅಲ್ಲ, ಬಾಲ್ಯದಲ್ಲಿ ಬೇರೂರಿದ ನುಡಿಯೂ ಹೀಗೆ ಆಳುತ್ತದೆಂಬುದಕ್ಕೆ ಅವನೇ ಸಾಕ್ಷಿ. ಕಾರ್ಸಿಕಾ ದ್ವೀಪದಲ್ಲಿ ಹುಟ್ಟಿದ ಅವನ ಮನೆಮಾತು ಫ್ರೆಂಚಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಫ್ರಾನ್ಸಿಗೆ ಬಂದು ಶಾಲೆಯಲ್ಲಿ ಆ ಭಾಷೆಯನ್ನು ಕಲಿತನು, ಅದರಲ್ಲಿಯೇ ರಾಜ್ಯವಾಳಿದನು. ಒಂಬತ್ತರಲ್ಲಿ ಕಲಿತ ನುಡಿ ನಲವತ್ತಾರರಲ್ಲಿ ಕಲಿಯಹೊರಟ ನುಡಿಯ ಮೇಲೆ ತನ್ನ ಮುದ್ರೆಯನ್ನೊತ್ತಿತು. ಎಳವೆಯ ಕಲಿಕೆಯನ್ನು ಕುರಿತ ಅವನ ಮಾತು ಪುಸ್ತಕದಿಂದ ಎತ್ತಿದ್ದಲ್ಲ, ಅನುಭವದಿಂದ ಬಂದದ್ದು.

ಕನ್ನಡ ವಿದ್ಯಾರ್ಥಿಗೆ ಇದರ ಪ್ರಯೋಜನ

ಫ್ರೆಂಚರ ಸುಲಭವೂ ಕನ್ನಡಿಗರ ಸುಲಭವೂ ಒಂದೇ ಅಲ್ಲವೆಂಬುದು ಈ ಅಧ್ಯಯನದಿಂದ ಗೋಚರವಾಗುತ್ತದೆ. ಕನ್ನಡದಲ್ಲಿ 'ಯಾರು', 'ಯಾವುದು' ಎಂಬ ಭೇದ ಸಹಜವಾಗಿಯೇ ಇದೆ. ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮೇಜನ್ನು 'ಅವಳು' ಎಂದು ಯಾವ ಕನ್ನಡಿಗನೂ ಕರೆಯುವುದಿಲ್ಲ. ಆದ್ದರಿಂದ ಚಕ್ರವರ್ತಿ ಎಡವಿದ 'ಹೂ', 'ವಿಚ್'ಗಳ ಭೇದ ಹಳ್ಳಿಯ ಕನ್ನಡ ಬಾಲಕನಿಗೆ ಒಂದೇ ದಿನದ ಪಾಠ.

ಅವನ ಕಷ್ಟ ಬೇರೆಡೆಯಲ್ಲಿದೆ. 'ಬಂದ ಮನುಷ್ಯ', 'ಬಂದ ದಾರಿ', 'ಬಂದ ದಿನ', 'ಬಂದ ಕಾರಣ' ಇವುಗಳಲ್ಲೆಲ್ಲ 'ಬಂದ' ಎಂಬ ಕೃದಂತ ಒಂದೇ. ಮನುಷ್ಯ ಕರ್ತೃ, ದಾರಿ ಸಾಧನ, ದಿನ ಕಾಲ, ಕಾರಣ ಹೇತು ಎಂಬ ಸಂಬಂಧಗಳನ್ನು ಕೇಳುವವನ ಬುದ್ಧಿಯೇ ಊಹಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಅದರದರ ಸಂಬಂಧವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಜೊತೆಗೆ ವಿಶೇಷಣವನ್ನು ನಾಮದ ಮುಂದಿನಿಂದ ಹಿಂದಕ್ಕೆ ಸಾಗಿಸಬೇಕಾಗುತ್ತದೆ.

ಪರೋಕ್ಷ ಕಥನದಲ್ಲಿ ಕನ್ನಡವು 'ಎಂದು' ಎಂಬ ಅವ್ಯಯದಿಂದ ಆಡಿದ ಮಾತನ್ನು ಆಡಿದಂತೆಯೇ ಹಿಡಿದಿಡುತ್ತದೆ. 'ಬರುತ್ತೇನೆಂದು ಹೇಳಿದನು' ಎಂಬಲ್ಲಿ ಕ್ರಿಯಾಪದ ಉತ್ತಮ ಪುರುಷದಲ್ಲಿಯೇ, ವರ್ತಮಾನದಲ್ಲಿಯೇ ಉಳಿದಿದೆ. ಇದ್ದುದನ್ನಿದ್ದಂತೆ ಇಂಗ್ಲಿಷಿಗೆ ತಂದ ವಿದ್ಯಾರ್ಥಿ 'ಹೀ ಸೆಡ್ ದಟ್ ಐ ಆ್ಯಮ್ ಕಮಿಂಗ್' ಎನ್ನುತ್ತಾನೆ. ಬರುವವನು ಆ ಹೇಳಿದವನಲ್ಲ, ಈ ವರದಿಗಾರನೇ ಎಂದಾಗಿ ಅರ್ಥ ಬುಡಮೇಲಾಗುತ್ತದೆ. ಆದರೆ ಕನ್ನಡದ ಒಂದು ಸೂಕ್ಷ್ಮತೆ ಇಂಗ್ಲಿಷಿನಲ್ಲಿಲ್ಲ. 'ರಾಮನು ಕೃಷ್ಣನಿಗೆ ತಾನು ಗೆದ್ದೆನೆಂದು ಹೇಳಿದನು' ಎಂದರೆ ಗೆದ್ದವನು ರಾಮನೇ. 'ತಾನು' ಎಂಬುದು ಸಂದೇಹಕ್ಕೆ ಎಡೆಗೊಡದು. ಇಂಗ್ಲಿಷಿನ 'ಹೀ' ಎಂಬುದು ಇಬ್ಬರಲ್ಲಿ ಯಾರನ್ನಾದರೂ ಸೂಚಿಸಬಹುದು. ಒಂದು ಭಾಷೆ ಒಂದೆಡೆ ಉದಾರ, ಇನ್ನೊಂದೆಡೆ ಕೃಪಣ.

ಉಪಸಂಹಾರ

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಪರಭಾಷೆಯಲ್ಲಿ ಆಗುವ ತಪ್ಪು ಬಹುಮಟ್ಟಿಗೆ ಅಜ್ಞಾನದ ಫಲವಲ್ಲ. ಮೊದಲು ಕಲಿತ ಭಾಷೆಯ ಜ್ಞಾನವು ತನ್ನದಲ್ಲದ ಎಲ್ಲೆಯಲ್ಲಿ ಆಡಳಿತ ನಡೆಸಿದ ಫಲ. 'ದಿ ಮ್ಯಾನ್ ಹೂಸ್ ಐ ನೋ ದಿ ಸನ್' ಎಂದು ಬರೆದ ಬಾಲಕನು ವ್ಯಾಕರಣವಿಲ್ಲದೆ ಬರೆದವನಲ್ಲ. ಫ್ರೆಂಚ್ ವ್ಯಾಕರಣದಿಂದ ಬರೆದವನು. ಅವನನ್ನು ಜರೆಯುವುದರಿಂದ ಪ್ರಯೋಜನವಿಲ್ಲ. ಅವನ ನುಡಿಯ ಸೂತ್ರವನ್ನೂ ಕಲಿಯುವ ನುಡಿಯ ಸೂತ್ರವನ್ನೂ ಅಕ್ಕಪಕ್ಕದಲ್ಲಿಟ್ಟು, ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ತೋರಿಸಿದರೆ ತಪ್ಪು ತಾನಾಗಿ ಸಡಿಲಗೊಳ್ಳುತ್ತದೆ. ಬೆಲೋ ಪಂಡಿತನ ಮೂರು ಅಂಕಣಗಳಲ್ಲಿಯೂ ಲಾಂಸ್ಲೊವಿನ ಫ್ರೆಂಚ್ ಸೂತ್ರಗಳಲ್ಲಿಯೂ ಅಡಗಿದ್ದ ತತ್ತ್ವ ಇದೇ.

ಆದುದರಿಂದ ಇಂಗ್ಲಿಷನ್ನು ಚೆನ್ನಾಗಿ ಕಲಿಯಬಯಸುವ ಕನ್ನಡ ವಿದ್ಯಾರ್ಥಿಯು ಮೊದಲು ಕನ್ನಡದ 'ಎಂದು', 'ಅಂತೆ', 'ತಾನು', 'ಬಂದ' ಎಂಬಿವುಗಳ ಮರ್ಮವನ್ನು ಅರಿಯತಕ್ಕದ್ದು. ಪಾಠದಲ್ಲಿ ಬಂದ ಹತ್ತು ವಾಕ್ಯಗಳನ್ನು ದಿನವೂ ಪ್ರತ್ಯಕ್ಷದಿಂದ ಪರೋಕ್ಷಕ್ಕೆ, ಪರೋಕ್ಷದಿಂದ ಪ್ರತ್ಯಕ್ಷಕ್ಕೆ ಎರಡು ಭಾಷೆಗಳಲ್ಲಿಯೂ ಬದಲಾಯಿಸಿ, ಯಾರ ಮಾತು ಯಾರದಾಗಿ ಉಳಿಯಿತೆಂದು ಪರೀಕ್ಷಿಸಿಕೊಳ್ಳತಕ್ಕದ್ದು. ಅನ್ಯರ ಮಾತನ್ನು ಕೆಡಿಸದೆ ಹೇಳಬಲ್ಲವನ ಮಾತನ್ನೇ ಜನ ನಂಬುತ್ತಾರೆ. ವ್ಯಾಕರಣದ ಈ ಅಧ್ಯಾಯವು ಪರೀಕ್ಷೆಯ ಅಂಕಗಳಿಗಾಗಿ ಇರುವಂತೆಯೇ ಆ ನಂಬಿಕೆಯನ್ನು ಗಳಿಸುವುದಕ್ಕಾಗಿಯೂ ಇದೆ.